ಕೈ ಮುಗಿದರೆ ಮುಗಿಯಿತು

ಒಂದಾನೊಂದು ಊರು, ಹೆಸರು ಅಂಗೈಪುರ. ನಡುನಡುವೆ ಹೂಂ ಅನ್ನಿ. ಸುಮ್ಮನೆ ತಲೆ ಆಡಿಸಿದರೆ ನಾನು ಒಪ್ಪುವುದಿಲ್ಲ. ಕೈಸನ್ನೆಯನ್ನು ನಂಬಿ ಕೆಟ್ಟ ಊರಿನ ಕತೆ ಇದು.

ಆ ಊರಿನ ದೊರೆ ಒಮ್ಮೆ ಹಲಸಿನ ಹಣ್ಣು ಬಿಡಿಸಲು ಕೂತ. ಕೈಗೆ ಎಣ್ಣೆ ಹಚ್ಚಿಕೊಳ್ಳಲು ಮರೆತ. ಐದು ಬೆರಳೂ ಅಂಟಿಕೊಂಡವು. ಒಂಬತ್ತು ದಿನ ಬಿಡಲಿಲ್ಲ. ಹತ್ತನೆಯ ದಿನ ಬಿಟ್ಟಾಗ ದೊರೆ ಆಣೆಯಿಟ್ಟ: "ಇನ್ನು ನಾನು ಬಾಗಿಲು ಕೂಡ ಮುಟ್ಟುವುದಿಲ್ಲ. ನಾನು ಮುಟ್ಟದ ಬಾಗಿಲನ್ನು ಪ್ರಜೆಗಳು ಮುಟ್ಟುವುದೆಂದರೇನು?"

ಊರಿನ ಚಿಲಕ, ಅಗುಳಿ ಎಲ್ಲವನ್ನೂ ಕಿತ್ತು ಕೆರೆಗೆ ಹಾಕಿಸಿದ. ಬಾಗಿಲುಗಳು ಇದ್ದ ಹಾಗೇ ನಿಂತವು. ತೆರೆಯುವವರಿಲ್ಲ, ಮುಚ್ಚುವವರಿಲ್ಲ.

ಆಗ ಕಡಲಾಚೆಯಿಂದ ಒಬ್ಬ ಯಂತ್ರದವನನ್ನು ಕರೆಸಿದರು. ಅವನು ಪ್ರತಿ ಬಾಗಿಲಿನ ಹೊರಗೂ ಒಂದು ಕ್ಯಾಮೆರಾ ಕೂರಿಸಿದ. ಅದರ ಹಿಂದೆ ಒಂದು ಕಂಪ್ಯೂಟರ್ ಇಟ್ಟ. "ಮುಂದೆ ನಿಂತು ಕೈ ಆಡಿಸಿದರೆ ಸಾಕು. ಮುಟ್ಟುವುದೇ ಬೇಡ," ಅಂದ. ಆ ಯಂತ್ರಕ್ಕೆ ಕಣ್ಣಿತ್ತು. ಬಾಯಿತ್ತು. ಕಿವಿ ಮಾತ್ರ ಇರಲಿಲ್ಲ. ದೊರೆಗೆ ಅದು ಬಹಳ ಹಿಡಿಸಿತು.

ಯಂತ್ರದವನು ಕನ್ನಡ ಕಲಿತದ್ದು ಹಡಗಿನಲ್ಲಿ, ಒಂದು ಪದಕೋಶ ಓದಿ. ಕೈ ಅಗಲಿಸಿದರೆ ಬಾಗಿಲು ತೆರೆಯಲಿ, ಸರಿ. ಮುಚ್ಚುವುದಕ್ಕೆ ಏನು ಮಾಡಿಸುವುದು? ಕೋಶ ತೆಗೆದ. 'ಮುಗಿ: ಕೊನೆಯಾಗು' ಎಂದಿತ್ತು. ದಾರಿಯಲ್ಲಿ ಒಬ್ಬ ಎರಡು ಅಂಗೈ ಜೋಡಿಸಿ ನಿಂತಿದ್ದ. "ಇದಕ್ಕೆ ಏನೆನ್ನುತ್ತೀರಿ?" ಎಂದು ಯಂತ್ರದವನು ಜನರನ್ನು ಕೇಳಿದ. "ಕೈ ಮುಗಿಯುವುದು," ಅಂದರು. ಅವನಿಗೆ ಖುಷಿಯೋ ಖುಷಿ. 'ಕೈ ಮುಗಿದರೆ ಮುಗಿಸು' ಎಂದು ಪ್ರೋಗ್ರಾಮಿಗೆ ಕಲಿಸಿದ. ತನ್ನ ಭಾಷೆಯಲ್ಲಿ ಒಂದು ಚೀಟಿ ಬರೆದು ಅರಮನೆಯ ಗೋಡೆಗೆ ಅಂಟಿಸಿದ. ಹಡಗು ಹತ್ತಿ ಹೋದ.

ಚೀಟಿ ಓದಲು ಯಾರಿಗೂ ಬರಲಿಲ್ಲ. ಅದಕ್ಕೆ ಕುಂಕುಮ ಹಚ್ಚಿದರು.

ದೊಡ್ಡ ಮನುಷ್ಯರು ಬರುತ್ತಿದ್ದರು, ಬಾಗಿಲ ಮುಂದೆ ಮೈ ಮುರಿದು ಆಕಳಿಸುತ್ತಿದ್ದರು. ಬಾಗಿಲು ತೆರೆಯುತ್ತಿತ್ತು. ಬಡವರು ಬಂದು ಕೈ ಮುಗಿಯುತ್ತಿದ್ದರು. ಬಾಗಿಲು ಮುಚ್ಚುತ್ತಿತ್ತು. "ಯಂತ್ರಕ್ಕೂ ಜನ ಗೊತ್ತಾಗ್ತದೆ ನೋಡು," ಎಂದು ಊರು ತಲೆದೂಗಿತು.

ಆ ಊರಲ್ಲಿ ಸುಣ್ಣ ಬಳಿಯುವ ಹೊಂಬಯ್ಯ ಇದ್ದ. ಅವನ ಹೆಂಡತಿ ದ್ಯಾವಮ್ಮ. ಮಾಘ ಶುದ್ಧ ಪಂಚಮಿ, ಸೋಮವಾರ. ದಿನ ತಪ್ಪಿ ಹೇಳುವ ಅಭ್ಯಾಸ ನನಗಿಲ್ಲ. ಹೊಂಬಯ್ಯ ಖಾಲಿ ಸೆರೆಮನೆಯ ಒಳಗೋಡೆಗೆ ಸುಣ್ಣ ಬಳಿಯುತ್ತಿದ್ದ. ದ್ಯಾವಮ್ಮ ಬಾಗಿಲಿಗೆ ಮುದ್ದೆ ತಂದಳು. ಅಷ್ಟರಲ್ಲಿ ದಿವಾನ ಶಿಸ್ತಪ್ಪ ಆ ದಾರಿಯಲ್ಲಿ ಬಂದ. ದ್ಯಾವಮ್ಮ ಗಡಿಗೆ ಕೆಳಗಿಟ್ಟಳು. ಕೈ ಮುಗಿದಳು.

"ಮುಗಿಯಿತು," ಅಂದಿತು ಯಂತ್ರ. ದಡಾರನೆ ಬಾಗಿಲು ಮುಚ್ಚಿತು.

"ಅಯ್ಯೋ ಬುದ್ಧಿ, ನಮ್ಮೆಜಮಾನ್ರು ಒಳಗವ್ರೆ!"

"ಸೆರೆಮನೆ ಒಳಗಾ? ಹಾಗಾದರೆ ಕಳ್ಳ."

"ಕಳ್ಳ ಅಲ್ಲ ಬುದ್ಧಿ, ಸುಣ್ಣ ಬಳಿಯೋರು."

"ಕಳ್ಳ ಅಲ್ಲದಿದ್ದರೆ ಒಳಗೆ ಯಾಕಿದ್ದಾನೆ?" ಅಂದ ಶಿಸ್ತಪ್ಪ. "ಸೋಮವಾರ ಸೋಮವಾರ ಬಂದು ಯಂತ್ರದ ಮುಂದೆ ಕೇಳಿಕೋ. ಭಕ್ತಿಯಿಂದ ಕೈ ಮುಗಿದು ಕೇಳಬೇಕು. ಕೈ ಬೀಸಿಕೊಂಡು ಬಂದರೆ ನಿನ್ನನ್ನೂ ಒಳಗೆ ಹಾಕಿಸುತ್ತೇನೆ."

ಸೆರೆಮನೆಯ ಗೋಡೆಯಲ್ಲಿ ಒಂದು ಕಿಂಡಿ ಇತ್ತು. ಹನ್ನೆರಡು ಬೆರಳಗಲ. ದಿನಾ ಅದರಲ್ಲೇ ಮುದ್ದೆ ದಾಟಿಸಿದಳು. ಸೋಮವಾರ ಬಂತು. ಭಕ್ತಿಯಿಂದ ಕೈ ಮುಗಿದಳು. "ಮುಗಿಯಿತು," ಅಂದಿತು ಯಂತ್ರ. ಬಾಗಿಲು ಆಗಲೇ ಮುಚ್ಚಿತ್ತಲ್ಲ, ಇನ್ನೇನು ಮುಚ್ಚುವುದು? ಕಿಂಡಿಯನ್ನು ಒಂದು ಬೆರಳಗಲ ಮುಚ್ಚಿತು.

ಇನ್ನೊಂದು ಸೋಮವಾರ. ಇನ್ನೊಂದು ಬೆರಳು.

"ದ್ಯಾವಿ, ಕಿಂಡಿ ಚಿಕ್ಕದಾಗ್ತಾ ಐತಲ್ಲೇ," ಅಂದ ಹೊಂಬಯ್ಯ ಒಳಗಿಂದ.

"ನನ್ನ ಭಕ್ತಿ ಸಾಲ್ದು ಕಣ. ಬರೋ ವಾರ ಇನ್ನೂ ಗಟ್ಟಿಯಾಗಿ ಮುಗೀತೀನಿ."

"ಮುಗಿಯೇ ತಾಯಿ. ಸುಣ್ಣ ಎಲ್ಲಾ ಬಳಿದಾಯ್ತು. ಬಳಿದದ್ದೇ ಬಳೀತಾ ಇವ್ನಿ."

ಮುದ್ದೆ ತೆಂಗಿನಕಾಯಿಯಷ್ಟಿದ್ದದ್ದು ಬೇಲದ ಹಣ್ಣಿನಷ್ಟಾಯಿತು. ನಿಂಬೆಯಷ್ಟಾಯಿತು. ನೆಲ್ಲಿಕಾಯಿಯಷ್ಟಾಯಿತು. ಹತ್ತನೆಯ ಸೋಮವಾರದ ಹೊತ್ತಿಗೆ ಬೆಂದ ರಾಗಿಯನ್ನು ಎಳೆ ಮಾಡಿ, ಶಾವಿಗೆಯ ಹಾಗೆ ತೂರಿಸುತ್ತಿದ್ದಳು. ಹನ್ನೊಂದನೆಯದರ ನಂತರ ಒಳಗಿನ ಮಾತು ಸಣ್ಣಗಾಯಿತು. ದ್ಯಾವಮ್ಮ ಹೆದರಿದಳು. ಹನ್ನೆರಡನೆಯ ಸೋಮವಾರ, ಚೈತ್ರದ ಅಮಾವಾಸ್ಯೆ, ಮಿಂದು ಮಡಿಯುಟ್ಟು, ಕಣ್ಣು ಮುಚ್ಚಿ, ಇದ್ದಬದ್ದ ಭಕ್ತಿಯನ್ನೆಲ್ಲ ಕೂಡಿಸಿ ಕೈ ಮುಗಿದಳು.

ಕಿಂಡಿ ಪೂರ್ತಿ ಮುಚ್ಚಿತು.

ನಾಲ್ಕು ದಿನ ಗೋಡೆಗೆ ಕಿವಿಯಿಟ್ಟು ಕೂತಳು. ಮೊದಲ ದಿನ ಸುಣ್ಣದ ಕುಂಚದ ಸದ್ದಿತ್ತು. ಆಮೇಲೆ ಇರಲಿಲ್ಲ. ಐದನೆಯ ದಿನ ಎದ್ದು, ಎರಡು ಕೈಯನ್ನೂ ಆಕಾಶಕ್ಕೆ ಚಾಚಿ, "ಅಯ್ಯಯ್ಯೋ ಹೋದ್ಯಾ!" ಎಂದು ಗೋಳಿಟ್ಟಳು.

"ತೆರೆಯಿತು," ಅಂದಿತು ಯಂತ್ರ. ಬಾಗಿಲೂ ತೆರೆಯಿತು, ಕಿಂಡಿಯೂ ತೆರೆಯಿತು. "ಕೈ ಅಗಲಿಸಿದರೆ ತೆರೆ, ಕೈ ಮುಗಿದರೆ ಮುಗಿಸು. ನನಗೆ ಕಲಿಸಿದ್ದು ಅಷ್ಟೇ. ಮೊದಲೇ ಕೈ ಚಾಚಬಾರದಿತ್ತೇನಮ್ಮ?"

ಹೊಂಬಯ್ಯ ಒಳಗೆ ಗೋಡೆಗೊರಗಿ ಕೂತಿದ್ದ. ಅವನ ಕೈಯೂ ಮುಗಿದೇ ಇತ್ತು. ನಾಲ್ಕು ಜನ ಅವನನ್ನು ಹೊತ್ತು ಹೊರಗೆ ತಂದರು.

ಸೆರೆಮನೆಯ ಗೋಡೆ ಹಾಲಿನ ಹಾಗೆ ಹೊಳೆಯುತ್ತಿದೆ ಎಂದು ಸುದ್ದಿ ಹೋಯಿತು. ದೊರೆ ನೋಡಲು ಬಂದ. ಶಿಸ್ತಪ್ಪನೂ ಬಂದ. ಇಬ್ಬರೂ ಒಳಗೆ ಹೋದರು.

"ಆಹಾ, ಏನು ಬಿಳುಪು! ಮುಟ್ಟಬೇಡ, ಅಂಟೀತು," ಅಂದ ದೊರೆ.

ಶಿಸ್ತಪ್ಪ ಹೊರಗೆ ನೋಡಿದ. ದ್ಯಾವಮ್ಮ ಗಂಡನ ತಲೆಯ ಬಳಿ ಕೂತಿದ್ದಳು. "ಏನಮ್ಮ, ದೊರೆಗಳು ಬಂದಿದ್ದಾರೆ. ಕೈ ಮುಗಿಯುವುದು ಗೊತ್ತಿಲ್ಲವಾ?" ಎಂದು ಗದರಿದ.

"ಗೊತ್ತು ಬುದ್ಧಿ," ಅಂದಳು ದ್ಯಾವಮ್ಮ. ಎದ್ದಳು. ಯಂತ್ರದ ಎದುರಿಗೆ ಬಂದಳು. ಭಕ್ತಿಯಿಂದ ಕೈ ಮುಗಿದಳು.

"ಮುಗಿಯಿತು," ಅಂದಿತು ಯಂತ್ರ.

ಒಳಗಿಂದ ಬಾಗಿಲು ತಳ್ಳೋಣವೆಂದರೆ ಮುಟ್ಟುವ ಹಾಗಿಲ್ಲ, ದೊರೆಯ ಆಣೆ. ಕೂಗೋಣವೆಂದರೆ ಯಂತ್ರಕ್ಕೆ ಕಿವಿಯಿಲ್ಲ. ದೊರೆ ಕಿಂಡಿಯಲ್ಲಿ ಮುಖವಿಟ್ಟ. ಊರ ಜನ ಓಡಿ ಬಂದರು. ದೊರೆಯ ಮುಖ ಕಂಡೊಡನೆ ಒಬ್ಬೊಬ್ಬರಾಗಿ ಕೈ ಮುಗಿದರು. ಒಬ್ಬರಿಗೆ ಒಂದು ಬೆರಳು. ಅಂದು ಸೇರಿದ್ದವರು ಹನ್ನೆರಡಕ್ಕಿಂತ ಹೆಚ್ಚು.

ನೀತಿ ಬೇಕಾದವರು ಕೇಳಿಸಿಕೊಳ್ಳಿ: ದೊಡ್ಡವರಿಗೆ ಕೈ ಮುಗಿಯಲೇಬೇಕು. ಅವರು ಒಳಗೆ ಹೋಗುವ ತನಕ ತಡೆದಿರಬೇಕು, ಅಷ್ಟೇ.

ಕತೆ ಮುಗಿಯಿತು ಎಂದು ನಾನು ಹೇಳುವುದಿಲ್ಲ. ಆ ಮಾತು ಕೇಳಿದರೆ ದ್ಯಾವಮ್ಮ ಈಗಲೂ ಎದ್ದು ಹೋಗಿ ಕಿಂಡಿಯ ಅಳತೆಗೆ ಮುದ್ದೆ ಕಟ್ಟುತ್ತಾಳೆ. ಅವರು ಒಳಗೆ, ನಾವು ಹೊರಗೆ. ಕೈ ಕೆಳಗೆ ಬಿಟ್ಟುಕೊಂಡು ಮನೆಗೆ ನಡೆಯಿರಿ.