ಕೆಂದೆತ್ತಿನ ಪಥ್ಯ

ಬನ್ನಿ ಮಕ್ಕಳೇ, ಕಾಲು ಮಡಚಿ ಕೂತ್ಕೊಳ್ಳಿ, ಒಂದು ಎತ್ತಿನ ಕತೆ ಹೇಳ್ತೀನಿ.

ಒಂದು ಕೆಂದೆತ್ತಿಗೆ ಕರುಳಲ್ಲಿ ಹುಣ್ಣಾಗಿ ಸಗಣಿಯಲ್ಲಿ ರಕ್ತ ಬೀಳುತ್ತಿತ್ತು. ಯಜಮಾನಿ ಗಿಡ್ಡಮ್ಮ ದಿನಾ ಬಿದಿರಿನ ಗೊಟ್ಟದಲ್ಲಿ ಕಹಿ ಔಷಧಿ ಕುಡಿಸಿ, ಮೆತ್ತಗಿನ ಗಂಜಿ ಇಟ್ಟು, ಸಂಜೆ ಮೆಲ್ಲಗೆ ನಡೆಸಿಕೊಂಡು ಬರುತ್ತಿದ್ದಳು. ರಕ್ತ ನಿಂತಿತು, ಮೈ ತುಂಬಿತು.

ಆಗ ಕೊಟ್ಟಿಗೆಯ ಆಡು ಕೇಳಿತು: “ಏನಣ್ಣಾ, ವಾಸಿಯಾದ ಮೇಲೂ ಬಾಣಂತಿಯ ಹಾಗೆ ಪಥ್ಯ ಹಿಡಿದಿದ್ದೀಯಲ್ಲ?”

“ಹುಣ್ಣು ಮಲಗಿದೆ ಅಷ್ಟೇ, ಹೋಗಿಲ್ಲ ಅಂತಾಳೆ ಯಜಮಾನಿ. ಗಂಜಿ, ನಡಿಗೆ ಎಲ್ಲಾ ಔಷಧಿಗೆ ಜೊತೆಯಂತೆ ತಂಗೀ.”

“ಆಡು ಮುಟ್ಟದ ಸೊಪ್ಪಿಲ್ಲ ಅಂತ ಊರೇ ಹೇಳುತ್ತೆ. ನನಗಿಂತ ಮದ್ದು ಬಲ್ಲವರು ಯಾರು? ಬೇಲಿಸೊಪ್ಪು ತಿನ್ನು, ಗುಡ್ಡ ಹತ್ತಿ ಓಡು. ನನ್ನ ಕರುಳು ನೋಡು, ಕಲ್ಲು ತಿಂದರೂ ಕರಗಿಸುತ್ತೆ!”

ನಿನ್ನ ಕರುಳಿಗೆ ಹುಣ್ಣಿಲ್ಲವಲ್ಲ ಅನ್ನಬೇಕಿತ್ತು ಎತ್ತು. ಆದರೆ ಗಂಜಿ ಕುಡಿದು ಕುಡಿದು ಅದಕ್ಕೆ ಸಾಕಾಗಿಹೋಗಿತ್ತು. ಬೇರೆ ಎತ್ತುಗಳ ಹಾಗೆ ಓಡಬೇಕೆಂಬ ಆಸೆ ಬೇರೆ. ಗೊಟ್ಟ ತೆಗೆದ ಕೂಡಲೇ ಔಷಧಿಯನ್ನು ದವಡೆಯಿಂದ ಹೊರಗೆ ಬಿಡುವುದನ್ನು ಕಲಿತುಕೊಂಡಿತು. ಯಜಮಾನಿಯ ಕಣ್ಣು ತಪ್ಪಿಸಿ ಬೇಲಿಯ ಮುಳ್ಳುಸೊಪ್ಪು ಮೇಯ್ದು ಗುಡ್ಡ ಹತ್ತಿತು. ಮೊದಮೊದಲು ಹುರುಪೇ ಹುರುಪು. ಆಮೇಲೆ ಒಂದು ಬೆಳಗ್ಗೆ ಸಗಣಿ ಮತ್ತೆ ಕೆಂಪಗೆ ಬಿತ್ತು.

“ತಂಗೀ, ಇದೇನೇ?” ಅಂದಿತು ಎತ್ತು.

“ಸೊಪ್ಪು ಕಮ್ಮಿಯಾಗಿದೆ. ಇನ್ನಷ್ಟು ತಿನ್ನು.”

ಎತ್ತು ತಿಂದಿತು. ರಕ್ತ ಕಂಡ ಗಿಡ್ಡಮ್ಮ ಗೊಟ್ಟ ಹಿಡಿದು ಓಡಿಬಂದಾಗ ಅದಕ್ಕೆ ನುಂಗುವ ತ್ರಾಣವೂ ಇರಲಿಲ್ಲ.

ಕೆಂದೆತ್ತು ಮಣ್ಣಾಯಿತು. ಗಿಡ್ಡಮ್ಮ ತನ್ನ ಗಂಜಿಯಲ್ಲೇ ತಪ್ಪಿತ್ತೇನೋ ಅಂತ ಕೊರಗಿ ಕೊರಗಿ ಸಣ್ಣಗಾದಳು. ಆಡು ಮಾತ್ರ ಗುಂಡುಕಲ್ಲಿನ ಹಾಗಿದೆ. ಈಗ ಹೊಟ್ಟೆನೋವಿನ ಎಮ್ಮೆಯೊಂದಕ್ಕೆ ಸೊಪ್ಪಿನ ಹೆಸರು ಹೇಳಿಕೊಡುತ್ತಿದೆ.