ಏಳು ಗಡಿಗೆಗಳ ಮೊತ್ತ

"ಗುರುಗಳೇ, ಉತ್ತರ ಒಂದೇ ಬರುವಾಗ ಹತ್ತಿರದ ದಾರಿ ಹಿಡಿದವನ ಮೇಲೆ ಸಿಟ್ಟಾಗುವುದು ಯಾವ ನ್ಯಾಯ?" ಎಂದು ಶಿಷ್ಯ ಕಲ್ಲೇಶ ಕೇಳಿದ. ಸಿಟ್ಟು ಅವನಿಗೂ ಇತ್ತು.

ಗುಡ್ಡ ಕುಸಿಯುವ ಮುನ್ನ ನೆಲದಲ್ಲಿ ಏಳುವ ಕಂಪನವನ್ನು ಗುರುತಿಸಲು ಅವನು ಒಂದು ಪ್ರೋಗ್ರಾಂ ಬರೆದಿದ್ದ. ಅದರಲ್ಲಿ ಕನ್ವಲ್ಯೂಷನ್ ಎಂಬ ಲೆಕ್ಕವಿದೆ. ಅಂದರೆ, ಪ್ರತಿ ಸಲವೂ ಹಿಂದಿನ ಕೆಲವು ಅಳತೆಗಳನ್ನು ಬೇರೆ ಬೇರೆ ತೂಕದಿಂದ ಗುಣಿಸಿ ಕೂಡಿಸಬೇಕು. ತೂಕಗಳೆಲ್ಲ ಸಮನಾಗಿದ್ದರೆ ಗುಣಿಸುವುದೇ ಬೇಡ. ಹಿಂದಿನ ಮೊತ್ತಕ್ಕೆ ಹೊಸ ಅಳತೆಯನ್ನು ಕೂಡಿಸಿ, ಹಳೆಯದನ್ನು ಕಳೆದರೆ ಸಾಕು. ತನ್ನ ಲೆಕ್ಕದಲ್ಲಿ ತೂಕಗಳು ಸಮವೇ ಇದ್ದುದರಿಂದ ಕಲ್ಲೇಶ ಹಾಗೆ ಮಾಡಿದ್ದ. ಕೆಲಸ ನೂರು ಪಟ್ಟು ವೇಗವಾಯಿತು. ಆದರೆ ಅದನ್ನು ಗುಡ್ಡದ ಕೆಳಗಿನ ಊರಿನ ಎಚ್ಚರಿಕೆ ಗಂಟೆಗೆ ಜೋಡಿಸಲು ಗುರುಗಳು ಒಪ್ಪಲಿಲ್ಲ.

"ಕಂಪ್ಯೂಟರ್ ದಶಾಂಶವನ್ನು ಎಲ್ಲೋ ಒಂದು ಕಡೆ ಕತ್ತರಿಸುವುದರಿಂದ ಕೊನೆಯ ಅಂಕಿಯಲ್ಲಿ ಒಂಚೂರು ವ್ಯತ್ಯಾಸ ಬರುತ್ತದೆ, ಅಷ್ಟೇ. ಅದಕ್ಕೆ ಇಷ್ಟು ಹಟವೇ?" ಎಂದ ಕಲ್ಲೇಶ.

ಗುರುಗಳು ಈ ಕತೆ ಹೇಳಿದರು.

ಒಂದು ಕೆರೆಗೆ ಒಬ್ಬ ನೀರಗಂಟಿಯಿದ್ದ. ತೂಬು ತೆರೆಯುವುದು, ಮುಚ್ಚುವುದು ಅವನ ಕೆಲಸ. ಮಳೆಗಾಲದಲ್ಲಿ ನೀರು ಎಷ್ಟು ಬೆರಳು ಏರಿತೋ ಅಷ್ಟು ಹರಳನ್ನು ಅಂದಿನ ಗಡಿಗೆಗೆ ಹಾಕಬೇಕು. ಗಡಿಗೆಗಳು ಏಳು. ಎಂಟನೆಯ ದಿನ ಮೊದಲ ಗಡಿಗೆಯನ್ನು ಬರಿದು ಮಾಡಿ ಮತ್ತೆ ತುಂಬಬೇಕು. ಒಟ್ಟು ಹರಳು ಮೂವತ್ತು ದಾಟಿದರೆ ತೂಬು ತೆರೆಯಬೇಕು. ಇಲ್ಲದಿದ್ದರೆ ಕೆರೆಯ ಏರಿ ಒಡೆದು ಕುಂಬಾರರ ಕೇರಿಗೆ ನೀರು ನುಗ್ಗುತ್ತದೆ.

ಹಿಂದಿನ ನೀರಗಂಟಿಗಳು ದಿನವೂ ಏಳನ್ನೂ ಮಗುಚಿ ಎಣಿಸುತ್ತಿದ್ದರು. ಇವನು ನಿನ್ನೆಯ ಮೊತ್ತವನ್ನು ನೆನಪಿಟ್ಟುಕೊಂಡು, ಇಂದಿನದನ್ನು ಕೂಡಿಸಿ, ಬರಿದಾದ ಗಡಿಗೆಯದನ್ನು ಕಳೆಯುತ್ತಿದ್ದ. ಜಾಣ. ಲೆಕ್ಕ ಸರಿಯಾಗಿಯೇ ಬರುತ್ತಿತ್ತು.

ಒಂದು ಬೆಳಿಗ್ಗೆ ಯಾರೊಂದಿಗೋ ಜಗಳವಾಡುತ್ತ ಗಡಿಗೆಗೆ ಒಂಬತ್ತು ಹರಳು ಹಾಕಿದ. ಮೊತ್ತಕ್ಕೆ ನಾಲ್ಕನ್ನೇ ಕೂಡಿಸಿದ. ವಾರದ ಮೇಲೆ ಆ ಗಡಿಗೆ ಬರಿದು ಮಾಡುವಾಗ ಒಂಬತ್ತನ್ನು ಕಳೆದ. ಐದು ಹರಳು ಮೊತ್ತಕ್ಕೆ ಮರಳಿ ಬರಲೇ ಇಲ್ಲ. ಹಳಬರ ಎಣಿಕೆ ತಪ್ಪಿದ್ದರೆ ಆ ತಪ್ಪು ಮರುದಿನವೇ ಸಾಯುತ್ತಿತ್ತು. ಇವನ ತಪ್ಪು ದಿನದಿಂದ ದಿನಕ್ಕೆ ದಾಟುತ್ತ ಬದುಕಿತು.

ಆಶ್ಲೇಷ ಮಳೆ ಹಿಡಿಯಿತು. ಅವನ ಲೆಕ್ಕ ಇಪ್ಪತ್ತೆಂಟು, ಗಡಿಗೆಗಳಲ್ಲಿದ್ದದ್ದು ಮೂವತ್ತಮೂರು. ತೂಬು ತೆರೆಯಲಿಲ್ಲ. ಏರಿ ಒಡೆಯಿತು. ಒಬ್ಬ ಕುಂಬಾರಗಿತ್ತಿಯ ಮಗು ಸಿಗಲಿಲ್ಲ.

ಅವಳು ಬಂದು ನಿಂತಳು. "ಆ ಗಡಿಗೆ ಮಾಡಿಕೊಟ್ಟವಳು ನಾನು. ಒಂದು ಸಲ ಮಗುಚಿ ನೋಡೋಕೆ ನಿನ್ನ ಕೈಗೆ ಲಕ್ವ ಹೊಡೆದಿತ್ತೇನೋ?"

"ಒಂದು ದಿನವೂ ಕೆಲಸ ತಪ್ಪಿಸಿಲ್ಲ ಕಣಮ್ಮ. ನಿನ್ನೆಯ ಮೊತ್ತ ಸರಿಯಾಗೇ ಇತ್ತು."

"ಯಾವ ನಿನ್ನೆ?" ಎಂದು ಅವಳು ಏಳು ಗಡಿಗೆಗಳನ್ನೂ ಅವನ ಕಾಲ ಬುಡದಲ್ಲಿ ಒಡೆದಳು. ಹರಳು ಚೆಲ್ಲಿದವು. ಆಗ ಅವನು ಎಣಿಸಿದ.

ಕತೆ ಮುಗಿಯಿತು. ಕಲ್ಲೇಶನ ದನಿ ತಗ್ಗಿತ್ತು. "ಹಾಗಾದರೆ ಹತ್ತಿರದ ದಾರಿಯೇ ತಪ್ಪೇ?"

ಗುರುಗಳ ಸಿಟ್ಟು ಇಳಿದಿರಲಿಲ್ಲ. "ದಾರಿ ಸರಿ. ನಿನ್ನ ಪ್ರೋಗ್ರಾಂ ಕೊನೆಯ ಸಲ ಮೊದಲಿನಿಂದ ಎಣಿಸಿದ್ದು ಯಾವತ್ತು?"