ಹಾಲವಾಣದ ಕೊರಡು

ಹೊಳೆಯ ದಂಡೆಗೆ ಒಂದು ಸಣ್ಣ ಮಠ. ಅಲ್ಲೊಬ್ಬರು ಅಜ್ಜಾರು, ಅವರಿಗೊಬ್ಬ ಶಿಷ್ಯ, ಇಬ್ಬರಿಗೂ ಸೇರಿ ಒಂದು ಹಸು. ಮಠವೆಂದರೆ ಅಷ್ಟೇ.

ಶಿಷ್ಯನ ಹೆಸರು ಫಕೀರಯ್ಯ. ಹದಿನಾರು ವರ್ಷದಿಂದ ಮಠದ ಕೈತೋಟ ಅವನದೇ. ಬದನೆ, ಮೆಣಸಿನಕಾಯಿಯ ಸಸಿ ಮಾಡಿ ಸುತ್ತಲಿನ ಊರುಗಳಿಗೆ ಹಂಚುತ್ತಿದ್ದ. ಕಳೆ ತೆಗೆಯಲು ಕುಕ್ಕರಗಾಲಲ್ಲಿ ಕೂತನೆಂದರೆ ಪಾತಿಯ ಈ ತುದಿಯಿಂದ ಆ ತುದಿಯವರೆಗೆ ಏಳದೆ ಸರಿದು ಹೋಗುತ್ತಿದ್ದ. ನೋಡಿದವರು ಹೊಗಳುತ್ತಿದ್ದರು. ಹೊಗಳಿಕೆಯಲ್ಲಿ ಒಂದನ್ನೂ ಅವನು ಮರೆತಿರಲಿಲ್ಲ.

ಒಂದು ದಿನ ಪತ್ರಿ ಕೊಯ್ಯಲು ಬಿಲ್ವದ ಮರ ಹತ್ತಿದವನು ಕೆಳಗೆ ಬಿದ್ದ. ಮೂರು ತಿಂಗಳು ಹಾಸಿಗೆ ಹಿಡಿದ. ಎದ್ದಾಗ ಬಲಗಾಲು ನೆಟ್ಟಗೆ ನಿಂತುಬಿಟ್ಟಿತ್ತು, ಮೊಣಕಾಲು ಮಡಚಲು ಬರುತ್ತಿರಲಿಲ್ಲ.

ಅಜ್ಜಾರು ಸಮಾಧಾನದ ಮಾತು ಆಡಲಿಲ್ಲ. ಹಾಲವಾಣ ಮರದ ಒಂದು ಹಗುರ ಕೊರಡು ಹುಡುಕಿ ತಂದರು. ಮೊಣಕಾಲೆತ್ತರಕ್ಕೆ ಕೊಯ್ದು, ಮೇಲ್ಭಾಗ ಉಜ್ಜಿ ನುಣುಪು ಮಾಡಿದರು. ಕಳೆ ತೆಗೆಯುವ ಕುರ್ಚಿಗಿಗೆ ಬಿದಿರಿನ ಉದ್ದನೆಯ ಹಿಡಿ ಹಾಕಿದರು.

"ಇದರ ಮ್ಯಾಲ ಕುಂದ್ರು. ಕಾಲು ಮುಂದ ಚಾಚು. ಕೈಗೆ ಎಟಕೂವಷ್ಟು ಕೆಲಸ ಮಾಡು, ಆಮ್ಯಾಲ ಕೊರಡು ಸರಿಸಿಕೊ."

"ಆತ್ರಿ ಅಜ್ಜಾರ."

ಎರಡು ದಿನ ಹಾಗೇ ಮಾಡಿದ. ಕೆಲಸವೂ ಸಾಗಿತು, ಕಾಲೂ ನೋಯಲಿಲ್ಲ. ಮೂರನೆಯ ದಿನ ಊರಿನ ದ್ಯಾಮವ್ವ ಇಬ್ಬರು ಹೆಂಗಸರ ಜೊತೆ ಹೊಳೆಗೆ ಹೊರಟವಳು ಬೇಲಿಯ ಹತ್ತಿರ ನಿಂತಳು.

"ಏನ್ರಿ ಫಕೀರಯ್ಯಾರ, ಸಿಂಹಾಸನದ ಮ್ಯಾಲ ಕುಂತು ಬದನೀಕಾಯಿ ರಾಜ್ಯ ಆಳಾಕ ಹತ್ತೀರೇನು?"

ಹೆಂಗಸರು ನಕ್ಕರು. ಫಕೀರಯ್ಯನೂ ನಕ್ಕ. ನಗುತ್ತಿದ್ದ ಹಾಗೇ ಅವನ ಕಿವಿ ಬಿಸಿಯಾದವು.

ಆ ಸಂಜೆ ಕೊರಡನ್ನು ಒಯ್ದು ಸೌದೆ ರಾಶಿಯ ಅಡಿಗೆ ತಳ್ಳಿದ. ಬಿದಿರಿನ ಹಿಡಿಯನ್ನೂ ಕಿತ್ತು ಹಾಕಿದ.

"ಕೊರಡು ಎಲ್ಲೈತೋ?" ಅಜ್ಜಾರು ಕೇಳಿದರು.

"ಅದರ ಗರಜಿಲ್ರಿ ಈಗ. ಕಾಲು ಸುಧಾರಿಸೈತಿ."

ಸುಧಾರಿಸಿದ್ದು ಎಲ್ಲಿಂದ ಬಂತು? ನೆಟ್ಟಗಾಲನ್ನು ಹಿಂದಕ್ಕೆ ಚಾಚಿ, ಒಂಟಿಕಾಲ ಮೇಲೆ ಬಗ್ಗಿ, ಒಂದೊಂದು ಕಳೆಗೂ ಹಲ್ಲು ಕಚ್ಚಿ ಉಸಿರು ಹಿಡಿಯುತ್ತಿದ್ದ. ಕೂತು ಕೆಲಸ ಮಾಡುವವನ ಕೈಗೆ ತೋಟ ಯಾರು ಕೊಡುತ್ತಾರೆ ಎಂಬುದು ಅವನ ಹೆದರಿಕೆ. ತೋಟ ಹೋದರೆ ಮಠದಲ್ಲಿ ತಾನು ಉಣ್ಣುವ ಬಾಯಿ ಅಷ್ಟೇ. ಇದನ್ನು ಯಾರೂ ಅವನಿಗೆ ಹೇಳಿರಲಿಲ್ಲ, ತಾನೇ ಹೇಳಿಕೊಂಡಿದ್ದ.

ಬದನೆ ಸಸಿ ಗೇಣುದ್ದ ಬಂದಿದ್ದವು. ಮೂರು ದಿನ ಬಿಟ್ಟು ಒಯ್ಯಲು ಬನ್ನಿರೆಂದು ಊರಿಗೆ ಹೇಳಿಯೂ ಆಗಿತ್ತು. ಆ ಬೆಳಿಗ್ಗೆ ನೀರು ಹಾಯಿಸಿದ ಪಾತಿಯಲ್ಲಿ ಬಗ್ಗಿದವನ ಎಡಗಾಲು ಕೆಸರಿನಲ್ಲಿ ಜಾರಿತು. ಸಸಿಗಳ ಮೇಲೆ ಉದ್ದಕ್ಕೆ ಬೋರಲು ಬಿದ್ದ.

ಏಳಲು ಮೊಣಕಾಲು ಮಡಚಬೇಕಲ್ಲ, ಆಗಲಿಲ್ಲ. ಅಂಗೈ ಊರಿ, ತೆವಳಿ, ಬೇಲಿಯ ಗೂಟ ಹಿಡಿದು ಎದ್ದ. ಎಲ್ಲಿ ಪೆಟ್ಟಾಯಿತೆಂದು ನೋಡಿಕೊಳ್ಳಲಿಲ್ಲ. ಯಾರಾದರೂ ಕಂಡರೇ ಎಂದು ಸುತ್ತ ನೋಡಿದ. ಹಸು ಚಂದ್ರಿ ಒಂದೇ ಮೆಲುಕು ಹಾಕುತ್ತ ಅವನನ್ನು ನೋಡುತ್ತಿತ್ತು.

ಅರ್ಧ ಪಾತಿ ಚಪ್ಪಟೆಯಾಗಿತ್ತು. ಸದ್ದು ಕೇಳಿ ಅಜ್ಜಾರು ಬಂದರು.

"ಏನಾತೋ ತಮ್ಮಾ?"

ನಾಲಿಗೆ ಅವನಿಗಿಂತ ಮುಂದೆ ಓಡಿತು. "ಚಂದ್ರಿ ನುಗ್ಗಿ ತುಳದೈತ್ರಿ. ಓಡಿಸಾಕ ಹೋಗಿ ನನ್ನ ಮೈ ಕೆಸರಾತು."

ಅಜ್ಜಾರು ಪಾತಿಯನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಚಂದ್ರಿ?"

"ಹೌದ್ರಿ."

"ಆತು ಬಿಡು," ಎಂದು ಅವರು ಹಿತ್ತಲಿಗೆ ಹೋದರು.

ತುಡುಗು ದನದ ಕೊರಳಿಗೆ ಮರದ ತುಂಡು ಕಟ್ಟುವುದು ಆ ಕಡೆಯ ರೂಢಿ. ಓಡಲು ಹೋದರೆ ಅದು ಮುಂಗಾಲಿಗೆ ಬಡಿಯುತ್ತದೆ. ಮಧ್ಯಾಹ್ನ ಫಕೀರಯ್ಯ ಉಂಡು ಹೊರಗೆ ಬಂದಾಗ ಚಂದ್ರಿಯ ಕೊರಳಲ್ಲಿ ಮರ ತೂಗುತ್ತಿತ್ತು. ಹಾಲವಾಣದ ಕೊರಡು. ಬೈರಿಗೆಯಿಂದ ತೂತು ಕೊರೆದು ಅದಕ್ಕೆ ಹಗ್ಗ ಪೋಣಿಸಲಾಗಿತ್ತು.

ಅವನು ಸೌದೆ ರಾಶಿಯ ಕಡೆ ನೋಡಿದ.

"ಸೌದಿ ರಾಶಿ ಅಡಿಗೆ ಸಿಕ್ತು," ಅಂದರು ಅಜ್ಜಾರು. "ಯಾರಿಗೋ ಬ್ಯಾಡಾಗಿತ್ತು ಅಂತ ಕಾಣಸತೈತಿ. ನಾಳಿಂದ ಇದನ್ನ ನೀನ ಮೇಯಿಸಾಕ ಹೊಡಕೊಂಡು ಹೋಗು. ಮತ್ತ ತೋಟಕ್ಕ ನುಗ್ಗೀತು."

ಮರುದಿನ ಹೊಳೆದಂಡೆಯಲ್ಲಿ ಇಬ್ಬರ ಮೆರವಣಿಗೆ. ಮುಂದೆ ಕೊರಡು ಬಡಿಸಿಕೊಂಡು ಕುಂಟುವ ಹಸು, ಹಿಂದೆ ಕಾಲೆಳೆಯುವ ಶಿಷ್ಯ. ಎದುರಾದವರೆಲ್ಲ ಕೇಳುವುದು ಒಂದೇ ಮಾತು.

"ಏನು ಮಾಡಿತ್ರಿ ಪಾಪ?"

"ಸಸಿ ತುಳೀತು."

ಮೊದಲನೆಯವರಿಗೆ ಸಲೀಸಾಗಿ ಹೇಳಿದ. ಎರಡನೆಯವರಿಗೆ ನೆಲ ನೋಡುತ್ತ ಹೇಳಿದ. ಮೂರನೆಯವರನ್ನು ಕಂಡಾಗ ಕೆಮ್ಮು ಬಂದವನ ಹಾಗೆ ಮುಖ ತಿರುಗಿಸಿದ. ಚಂದ್ರಿಗೆ ಅದರ ಗೊಡವೆಯೇ ಇರಲಿಲ್ಲ, ನಿಂತಾಗಲೆಲ್ಲ ಅವನ ಅಂಗೈ ನೆಕ್ಕುತ್ತಿತ್ತು. ಬೈದಿದ್ದರೆ ಹೇಗೋ ತಾಳಿಕೊಳ್ಳುತ್ತಿದ್ದನೇನೋ, ನೆಕ್ಕಿದ್ದನ್ನು ತಾಳುವುದು ಆಗಲಿಲ್ಲ.

ಸಂಜೆ ಕೊಟ್ಟಿಗೆಯಲ್ಲಿ ಅಜ್ಜಾರು ಹಸುವಿನ ಮುಂಗಾಲಿಗೆ ಹರಳೆಣ್ಣೆ ತಿಕ್ಕುತ್ತಿದ್ದರು. ಏನೋ ಪಿಸುಗುಡುತ್ತಿದ್ದರು. ಫಕೀರಯ್ಯ ಬಾಗಿಲವರೆಗೆ ಹೋಗಿ ತಿರುಗಿ ಬಂದ.

ಎರಡನೆಯ ದಿನ ಹಸುವಿನ ಮೊಣಕಾಲ ಕೂದಲು ಸವೆದು ತೊಗಲು ಕೆಂಪಗೆ ಕಾಣುತ್ತಿತ್ತು. ಅವನು ಕೊರಡನ್ನು ಕೈಯಲ್ಲಿ ಎತ್ತಿ ಹಿಡಿದು ಹಸುವಿನ ಪಕ್ಕದಲ್ಲೇ ನಡೆದ. ಅದು ಮೇಯ್ದಲ್ಲಿ ನಿಂತ, ನೀರು ಕುಡಿದಲ್ಲಿ ಬಗ್ಗಿದ. ಹೊತ್ತು ಮುಳುಗುವಾಗ ಎರಡೂ ತೋಳು ಸೋತು ಹೋಗಿದ್ದವು. ಬಿಚ್ಚಿ ಹಾಕಿದರೆ ಮುಗಿಯಿತು. ಬಿಚ್ಚಿದರೆ ಯಾಕೆಂದು ಹೇಳಬೇಕಲ್ಲ.

ಮೂರನೆಯ ದಿನ ಸಸಿ ಒಯ್ಯಲು ದ್ಯಾಮವ್ವ ಬುಟ್ಟಿ ತಂದಳು.

"ಅರ್ಧ ಪಾತಿ ಹೋಗೈತವ್ವ," ಅಂದರು ಅಜ್ಜಾರು. "ಉಳಿದದ್ದರಾಗ ತಗೊ."

"ಯಾರು ತುಳದ್ರಿ?"

ಅಜ್ಜಾರು ಹಸುವಿನ ಪಕ್ಕ ನಿಂತಿದ್ದ ಫಕೀರಯ್ಯನ ಕಡೆ ನೋಡಿದರು. ದ್ಯಾಮವ್ವ ಹಸುವಿನ ಕೊರಳು ನೋಡಿದಳು, ತಾನೇ ತಿಳಿದುಕೊಂಡಳು. ಬೇಲಿಯಿಂದ ಒಂದು ಬರಲುಕಡ್ಡಿ ಮುರಿದಳು.

"ತಿಂದುಂಡು ಕೊಬ್ಬಿ, ಮಂದಿ ಬಾಯಿಗೆ ಮಣ್ಣು ಹಾಕ್ತೀ ಏನ ನೀ?"

ಕಡ್ಡಿ ಹಸುವಿನ ಬೆನ್ನಿಗೆ ಬಿತ್ತು. ಚಂದ್ರಿ ಬೆದರಿ ಹಾರಿತು, ಕೊರಡು ಠಕ್ಕೆಂದು ಮೊಣಕಾಲಿಗೆ ಬಡಿಯಿತು. ದ್ಯಾಮವ್ವ ಮತ್ತೆ ಕೈ ಎತ್ತಿದಳು.

"ಹೊಡಿಬ್ಯಾಡ್ರಿ ದ್ಯಾಮವ್ವ."

ಫಕೀರಯ್ಯ ನಡುವೆ ಬಂದು ನಿಂತಿದ್ದ.

"ಅದು ತುಳದಿಲ್ಲ. ನಾನ ಬಿದ್ದೆ. ನಿಂತು ಮಾಡಾಕ ಹೋಗಿ ಸಸಿ ಮ್ಯಾಲ ಬಿದ್ದೆ. ನೀವೆಲ್ಲಾ ನಗ್ತೀರಿ ಅಂತ ಕೊರಡು ಮುಚ್ಚಿಟ್ಟೆ. ಬಿದ್ದದ್ದು ಹೇಳಾಕ ನಾಚಿಕಿ ಆತು, ಹಸುವಿನ ಮ್ಯಾಲ ಹಾಕಿದೆ."

ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡಬೇಕು ಅನ್ನಿಸಿತು ಅವನಿಗೆ. ಭೂಮಿ ಅಂಥ ಉಪಕಾರ ಯಾರಿಗೆ ಮಾಡಿದೆ? ಅವನು ಅಲ್ಲೇ ನಿಂತ, ತಲೆ ತಗ್ಗಿಸಿ.

ದ್ಯಾಮವ್ವ ಕಡ್ಡಿಯನ್ನು ಕೆಳಗೆ ಹಾಕಿದಳು.

"ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದಂಗಾತಲ್ರಿ," ಅಂದಳು. ಸ್ವಲ್ಪ ತಡೆದು ಮತ್ತೆ ಅಂದಳು, "ನನ್ನ ಮೊಣಕಾಲು ಹೋಗಿ ಎರಡು ವರ್ಷಾತು. ನೆಲಕ್ಕ ಕುಂತ್ರ ಏಳಾಕ ಸೊಸಿ ಬರಬೇಕು. ಅವತ್ತ ನಿಮ್ಮ ಕೊರಡು ನೋಡಿ ಹೊಟ್ಟಿಕಿಚ್ಚಾತು. ಅದಕ್ಕ ಹಂಗ ಅಂದೆ."

ಫಕೀರಯ್ಯ ತಲೆ ಎತ್ತಿ ಅವಳನ್ನು ನೋಡಿದ. ಅಜ್ಜಾರ ಕಡೆ ತಿರುಗಿದ.

"ನಿಮಗ ಗೊತ್ತಿತ್ತೇನ್ರಿ?"

"ಕೆಸರಿನಾಗ ಎರಡು ಅಂಗೈ ಮೂಡಿದ್ದುವು. ಹಸುವಿಗೆಲ್ಲಿ ಅಂಗೈ?"

"ಗೊತ್ತಿದ್ದೂ ಮೂಕಪ್ರಾಣಿಗೆ ಕಟ್ಟಿದ್ರಿ?"

ಈ ಸಲ ನೆಲ ನೋಡಿದ್ದು ಅಜ್ಜಾರು.

"ಅವತ್ತ ಸಂಜಿಯೊಳಗ ಬಂದು ಹೇಳ್ತಿ ಅಂತ ತಿಳಿದಿದ್ದೆ. ನನ್ನ ಲೆಕ್ಕ ತಪ್ಪಿತು. ದಿನಾ ಅದರ ಕಾಲು ಹಿಡಕೊಂಡು ತಪ್ಪಾತವ್ವ ಅಂತ ಬೇಡಿಕೊಂಡೀನಿ. ನಾಚಿಕಿ ನಿನಗೊಬ್ಬವಗ ಅಲ್ಲ."

ಫಕೀರಯ್ಯ ಹಸುವಿನ ಕೊರಳಿಗೆ ಕೈ ಹಾಕಿ ಗಂಟು ಬಿಚ್ಚಿದ. ಕೊರಡು ಕೆಳಗಿಳಿಸಿದ. ಚಂದ್ರಿ ಒಮ್ಮೆ ತಲೆ ಕೊಡವಿ, ಮತ್ತೆ ಅವನ ಅಂಗೈ ನೆಕ್ಕಿತು. ಅವನ ಕಣ್ಣು ತುಂಬಿ ಬಂತು. ದ್ಯಾಮವ್ವನ ಎದುರೇ ಕೊರಡನ್ನು ಪಾತಿಯ ಪಕ್ಕಕ್ಕಿಟ್ಟು, ನೆಟ್ಟಗಾಲು ಮುಂದೆ ಚಾಚಿ ಕೂತ. ತೂತಿನೊಳಗೆ ಉಳಿದಿದ್ದ ಹಗ್ಗವನ್ನು ಎಳೆದು ತೆಗೆಯಲು ಹೊರಟ.

"ಅದು ಇರಲಿ," ಅಂದರು ಅಜ್ಜಾರು. "ಪಾತಿಯಿಂದ ಪಾತಿಗೆ ಕೊರಡು ಒಯ್ಯಾಕ ಬಗ್ಗಬೇಕಾಗತೈತಿ ಅನ್ನೂದು ನನಗ ಮೊದಲ ಹೊಳದಿರಲಿಲ್ಲ. ಮೂರು ದಿನ ಚಂದ್ರಿ ಹೊತ್ತೈತಿ, ಇನ್ನ ನೀ ಎಳಿ."